ಮನೆಯವರ ಹೆಸರು

ನಿಮ್ಮ ತಾಯಿ ನಿಮ್ಮ ಹೆಸರನ್ನು ಮರೆತಿರಲಿಲ್ಲ. ಮರೆತರು ಎಂದು ಹೇಳಿದವನು ನಾನು. ಅದು ಸುಳ್ಳು — ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಅಂಬಿಕಾ ಅವರೆ, ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಎದ್ದು ಹೋಗಿ ನೀರು ಕುಡಿದು ಬಂದೆ. ಇನ್ನು ಮುಂದಿನದೆಲ್ಲ ವಿವರ. ವಿವರ ಓದುವ ಮನಸ್ಸಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ಮೇಲಿನ ಸಾಲುಗಳನ್ನಷ್ಟೇ ನಿಮ್ಮ ತಾಯಿಗೆ ಓದಿ ಹೇಳಿ. ನಾನು ನಿಮ್ಮನ್ನು ಕೊನೆಯ ಸಲ ನೋಡಿದಾಗ ನಿಮಗೆ ಹತ್ತು ವರ್ಷ. ಎರಡು ಜಡೆ, ಕೆಂಪು ರಿಬ್ಬನ್. ಆದರೂ ನಿಮ್ಮನ್ನು ನೀನು ಎನ್ನುವ ಸಲಿಗೆ ನನಗಿಲ್ಲ. ಆ ಸಲಿಗೆಯನ್ನು ನಾನೇ ಕಳೆದುಕೊಂಡಿದ್ದೇನೆ.

ನಾನು ಜೋಶಿ. ಕಲಬುರಗಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ, ಈಗ ನಿವೃತ್ತ, ಜೇವರ್ಗಿ ಕಾಲೋನಿಯಲ್ಲಿ ಮನೆ. ಹಳ್ಳಿಯ ಸಹಕಾರ ಸಂಘಗಳ ಸದಸ್ಯರಿಗೆ ಸರ್ಕಾರ ತಾನೂ ಕೈಜೋಡಿಸಿ ಆರೋಗ್ಯ ವಿಮೆ ಮಾಡಿಸಲು ಶುರು ಮಾಡಿದ ಹೊಸತು ಅದು. ಸದಸ್ಯರ ಪಾಲಿಗೆ ಅಲ್ಪಸ್ವಲ್ಪ ವಂತಿಗೆ. ಆಪರೇಷನ್ ಏನಾದರೂ ಬಂದರೆ ಗೊತ್ತುಮಾಡಿದ ಆಸ್ಪತ್ರೆಯಲ್ಲಿ ಕೈಯಿಂದ ಬಿಡಿಗಾಸೂ ಬಿಚ್ಚಬೇಕಾಗಿರಲಿಲ್ಲ. ಕಮಲಾಪುರದ ಹಾಲಿನ ಸಂಘದವರ ಅರ್ಜಿ ತುಂಬಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂತು.

ನಿಯಮಗಳು ನನಗೆ ಬಾಯಿಪಾಠ. ಸಂಘಕ್ಕೆ ಸೇರಿ ಆರು ತಿಂಗಳಾಗಿರಬೇಕು. ಊರಲ್ಲೇ ವಾಸವಿರಬೇಕು. ಗಂಡ ಒಂದು ಸಂಘ, ಹೆಂಡತಿ ಒಂದು ಸಂಘ ಎಂದು ಎರಡು ಕಡೆ ಬರೆಸುವಂತಿಲ್ಲ. ಅರ್ಜಿಯಲ್ಲಿ ಹೊಡೆದುಹಾಕಿ ತಿದ್ದಿದರೆ ಅರ್ಜಿಯೇ ರದ್ದು. ಎಲ್ಲಕ್ಕಿಂತ ದೊಡ್ಡದು — ಪಟ್ಟಿ ಒಮ್ಮೆ ಹೋಯಿತೆಂದರೆ ಮುಂದಿನ ವರ್ಷದವರೆಗೆ ಒಂದು ಹೆಸರೂ ಸೇರಿಸುವಂತಿಲ್ಲ. ಕಚೇರಿಯಲ್ಲಿ ಯಾರಿಗೆ ಸಂಶಯ ಬಂದರೂ ‘ಜೋಶೀನ್ನ ಕೇಳು’ ಎನ್ನುತ್ತಿದ್ದರು. ನನಗೆ ಅದು ಬಹಳ ಹಿತವಾಗಿತ್ತು. ಈ ಹಿತದ ಮಾತು ಮುಂದೆ ಮತ್ತೆ ಬರುತ್ತದೆ, ಮರೆಯಬೇಡಿ.

ಅರ್ಜಿಯಲ್ಲಿ ಸದಸ್ಯರ ಹೆಸರಿನ ಕೆಳಗೆ ಹೀಗೆ ಅಚ್ಚಾಗಿತ್ತು: ‘ಸದಸ್ಯರನ್ನು ಅವಲಂಬಿಸಿರುವ ಕುಟುಂಬದವರ ವಿವರ’. ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆ ತಾಯಿ, ಅತ್ತೆ ಮಾವ — ಇವರೆಲ್ಲ ಅದರಲ್ಲಿ ಬರಬೇಕು. ಅವಲಂಬಿಸಿರುವ ಎಂದರೆ ಹಾಲು ಹಾಕಲು ಬಂದವರಿಗೆ ಏನು ತಿಳಿಯಬೇಕು? ನಾನು ಅದನ್ನು ಸುಲಭ ಮಾಡಿದೆ. ನಮ್ಮ ಮನೆಯ ಮಾತು ಮರಾಠಿ. ‘ಘರಚೀ ಮಾಣಸಂ’ ಎಂದರೆ ನಮ್ಮಲ್ಲಿ ಮನೆಯಲ್ಲಿರುವ ಅಷ್ಟೂ ಜನ — ಅಜ್ಜಿಯಿಂದ ಹಿಡಿದು ತೊಟ್ಟಿಲಲ್ಲಿರುವ ಕೂಸಿನವರೆಗೆ. ಅದನ್ನೇ ಕನ್ನಡಕ್ಕೆ ತಿರುಗಿಸಿ ಎಲ್ಲರನ್ನೂ ಕೇಳುತ್ತ ಹೋದೆ: “ಮನಿಯವರ ಹೆಸರು ಹೇಳ್ರಿ.”

ನೀವು ಇಷ್ಟರಲ್ಲೇ ಹಣೆ ಬಡಿದುಕೊಂಡಿರಬಹುದು. ಒಬ್ಬ ಹೆಣ್ಣುಮಗಳ ಮುಂದೆ ಮನೆಯವರು ಎಂದರೆ ಗಂಡ. ಗಂಡಸಿನ ಮುಂದೆ ಎಂದರೆ ಹೆಂಡತಿ. ಹುಟ್ಟಿದಾಗಿನಿಂದ ಈ ಊರಲ್ಲಿ ಕನ್ನಡ ಕೇಳಿದವನು ನಾನು, ನನಗದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ. ಇಲ್ಲಿಯವರೆಗೆ ಇದು ತಪ್ಪು ಮಾತ್ರ, ಯಾರಿಂದಲೂ ಆಗಬಹುದಾದ ತಪ್ಪು.

ಸಂಘದ ಕಟ್ಟೆಯ ಮೇಲೆ ಒಂದು ಮೇಜು, ಒಂದು ಕುರ್ಚಿ. ಬೆಳಗಿನ ಹಾಲು ಹಾಕಿದ ಹೆಂಗಸರು ಖಾಲಿ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ನಿಮ್ಮ ತಾಯಿಯ ಸರದಿ ಬಂತು. ಹೆಸರು ಕಾಶಿಬಾಯಿ ಎಂದರು, ಬರೆದೆ. ಮನೆಯವರ ಹೆಸರು ಕೇಳಿದೆ. ಅವರು ಸೆರಗು ಮುಂದಕ್ಕೆಳೆದುಕೊಂಡು ನೆಲ ನೋಡಿದರು. ಆಮೇಲೆ ಮೆಲ್ಲಗೆ, “ನಮ್ಮ ಅಂಬಿಕಾನ ಅಪ್ಪ ರೀ,” ಎಂದರು.

ಗಂಡನ ಹೆಸರನ್ನು ಬಾಯಲ್ಲಿ ಆಡದ ಹೆಂಗಸರು ಇನ್ನೇನು ಹೇಳಬೇಕು? ನನಗೆ ಚೇಷ್ಟೆ ಮಾಡುವ ಉಮೇದು. “ಅಂಬಿಕಾನ ಅಪ್ಪಗ ಹೆಸರ ಇಟ್ಟಿಲ್ಲೇನು?” ಎಂದೆ. ಸಾಲಿನಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಹಿಂದೆ ನಿಂತಿದ್ದ ಒಬ್ಬಾಕೆ, “ಶಿವರಾಯ ಬರೀರಿ ಸರ,” ಎಂದು ನೆರವಿಗೆ ಬಂದರು. ಬರೆದೆ. ಮುಂದಿನ ಗೆರೆಗಳೆಲ್ಲ ಖಾಲಿ ಇದ್ದವು. ನಿಮ್ಮ ತಾಯಿ ಬಗ್ಗಿ ಕಾಗದ ನೋಡಿದರು — ಓದಲು ಬರದವರು, ಆದರೆ ಖಾಲಿ ಗೆರೆ ಯಾರ ಕಣ್ಣಿಗೂ ಕಾಣುತ್ತದೆ.

“ಇಷ್ಟ ಸಾಕೇನ್ರಿ?”

“ಸಾಕ್ರಿ, ಹೆಬ್ಬಟ್ಟ ಒತ್ರಿ,” ಎಂದೆ ನಾನು.

ಕೇಳಿದ್ದು ಅವರು, ಸಾಕು ಎಂದದ್ದು ನಾನು.

ಮಧ್ಯಾಹ್ನ ಹುಸೇನಸಾಬ್ ಬಂದರು. ನಿಮಗೆ ಅವರು ಗೊತ್ತು — ಎರಡು ಎಮ್ಮೆ ಕಟ್ಟಿಕೊಂಡು ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವರು, ಅವರ ಮನೆಯಲ್ಲೇ ನೀವು ಮುಂದೆ ಹೊಲಿಗೆ ಕಲಿತದ್ದು. ಅವರನ್ನೂ ಅದೇ ಕೇಳಿದೆ. ಅವರು ಏಳು ಹೆಸರು ಹೇಳಿದರು: ಹೆಂಡತಿ, ನಾಲ್ಕು ಮಕ್ಕಳು, ಅಪ್ಪ, ಅಮ್ಮ. ಸಾಲಿನಲ್ಲಿದ್ದ ಹೆಂಗಸರು ಮುಸಿಮುಸಿ ನಗತೊಡಗಿದರು. ಒಬ್ಬಾಕೆ, “ಸಾಬಣ್ಣ, ಮನಿಯವ್ರು ಅಂದ್ರ ಹೇಣ್ತಿ ಹೆಸರಷ್ಟ ಹೇಳ್ಬೇಕೋ, ನೀ ಊರಿಗೂರನ ಬರಸಾಕತ್ತಿಯಲ್ಲ,” ಎಂದಳು. ಹುಸೇನಸಾಬ್ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದರು.

“ಮನೆಯವ್ರು ಅಂದ್ರೆ ಮನೆಯಾಗಿರೋರೇ ನಾ ಸಾಬ್?”

ನನ್ನ ಪೆನ್ನು ನಿಂತಿತು. ಕನ್ನಡ ಮನೆಮಾತಾದವರೆಲ್ಲ ಒಂದು ಅರ್ಥ ಮಾಡಿಕೊಂಡಿದ್ದರು. ಮನೆಯಲ್ಲಿ ಬೇರೆ ಮಾತಾಡುವ ನಾವಿಬ್ಬರು — ಅವರದು ಉರ್ದು, ನನ್ನದು ಮರಾಠಿ — ಮಾತ್ರ ಇನ್ನೊಂದು ಅರ್ಥ ಮಾಡಿಕೊಂಡಿದ್ದೆವು. ಮೊಳಕೈ ಕೆಳಗೆ ಬೆಳಗಿನಿಂದ ತುಂಬಿದ ಅರ್ಜಿಗಳ ಕಟ್ಟು ಇತ್ತು. ಮೇಲಿನ ನಾಲ್ಕೈದನ್ನು ತಿರುವಿದೆ. ಒಂದೊಂದರಲ್ಲೂ ಒಂದೇ ಹೆಸರು, ಕೆಳಗೆ ಖಾಲಿ ಗೆರೆ.

ಹುಸೇನಸಾಬರಿಗೆ “ಹೌದ್ರಿ, ಎಲ್ಲಾರೂ ಬರ್ತಾರ,” ಎಂದು ಏಳೂ ಹೆಸರು ಬರೆದುಕೊಂಡೆ. ಆಮೇಲೆ ಬಂದವರಿಗೆ ಮಾತು ಬದಲಿಸಿ ಕೇಳಿದೆ — ಗಂಡ ಯಾರು, ಮಕ್ಕಳೆಷ್ಟು, ಅತ್ತಿ ಮಾವ ಅದಾರೇನು? ಮಾತು ಬದಲಿಸಿದೆ ಎಂದರೆ ತಪ್ಪು ತಿಳಿದಿತ್ತು ಎಂದೇ ಅರ್ಥ. ಅದಕ್ಕೆ ಬೇರೆ ಸಾಕ್ಷಿ ಬೇಡ.

ಬೆಳಗಿನವರನ್ನು ಮತ್ತೆ ಕರೆಸಬಹುದಿತ್ತು. ಎಲ್ಲರ ಮನೆಯೂ ಕೂಗಳತೆಯಲ್ಲಿತ್ತು, ಸಂಜೆಯ ಹಾಲಿಗೆ ಹೇಗೂ ಅವರೇ ಬರುವವರಿದ್ದರು. ಆದರೆ ತಿದ್ದುವಂತಿಲ್ಲ, ಹೊಸ ಅರ್ಜಿ ಬೇಕು. ಕೈಯಲ್ಲಿ ಉಳಿದಿದ್ದವು ಕೆಲವೇ. ಹೆಚ್ಚಿಗೆ ಬೇಕೆಂದರೆ ಕಚೇರಿಯಲ್ಲಿ ಯಾಕೆಂದು ಹೇಳಬೇಕು. ಜೋಶಿ ಪ್ರಶ್ನೆಯನ್ನೇ ತಪ್ಪು ಕೇಳಿದ — ಹೀಗೆ ಒಂದು ಸಾಲು. ಆ ಸಾಲು ಮೇಲಧಿಕಾರಿಗಳ ಕಿವಿಗೆ ಬಿದ್ದರೆ ‘ಜೋಶೀನ್ನ ಕೇಳು’ ಎನ್ನುವ ಹಿತ ಅಲ್ಲಿಗೇ ಮುಗಿಯುತ್ತಿತ್ತು, ಅದು ನನಗೆ ಬೇಡವಾಗಿತ್ತು. ಮಕ್ಕಳಿದ್ದವರು ತಾವೇ ಬಂದು ಕೇಳುತ್ತಾರೆ ಬಿಡು ಎಂದುಕೊಂಡೆ. ಒಂದು ವರ್ಷದಲ್ಲಿ ಯಾರಿಗೇನು ಆಪರೇಷನ್ ಬರುತ್ತದೆ ಎಂದುಕೊಂಡೆ. ಸಂಜೆಯ ಹಾಲಿನವರು ಬರುವ ಮೊದಲೇ ಕಟ್ಟು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಮರುದಿನ ಅರ್ಜಿ ಒಪ್ಪಿಸಿದಾಗ ಅಧಿಕಾರಿಗಳು ಎಲ್ಲರೆದುರು ಹೊಗಳಿದರು — ಒಂದೂ ಚಿತ್ತುಕಾಟಿಲ್ಲ, ನೋಡಿ ಕಲಿಯಿರಿ ಎಂದರು. ನಾನು ತಲೆ ತಗ್ಗಿಸಿ ವಿನಯದಿಂದ ನಕ್ಕೆ. ಆ ನಗೆ ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಆ ವರ್ಷ ಉಳಿದವರ ಮಕ್ಕಳಿಗೆ ಏನೂ ಆಗಲಿಲ್ಲ. ಆದದ್ದು ನಿಮಗೆ.

ನಿಮಗೆ ಎಷ್ಟು ನೆನಪಿದೆಯೋ — ನಿಮ್ಮ ತಂದೆ ತಾಯಿ ನಿಮ್ಮನ್ನು ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ನಿಮ್ಮ ಬಲಗಿವಿಗೆ ಹತ್ತಿ ತುರುಕಿದ್ದರು, ಹತ್ತಿ ಒದ್ದೆಯಾಗಿತ್ತು. ಕಿವಿಯೊಳಗಿನ ಎಲುಬು ಕೊಳೆಯುತ್ತಿದೆ, ಆಪರೇಷನ್ ಬೇಗ ಆಗಬೇಕು ಎಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಯವರು ವಿಮೆಯ ಕಾರ್ಡು ನೋಡಿ, ಇದರಲ್ಲಿ ಮಗಳ ಹೆಸರಿಲ್ಲ ಎಂದು ವಾಪಸು ಕಳಿಸಿದ್ದರು. ಅವರ ತಪ್ಪೇನೂ ಇಲ್ಲ. ಹೆಸರು ಇರಲೇ ಇಲ್ಲ.

ನಿಮ್ಮ ತಾಯಿ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟರು. “ನಮ್ಮ ಅಂಬಿಕಾಂದು ಹೆಸರ ಇಲ್ಲಂತ್ರಿ ಸರ. ಹ್ಯಾಂಗ ಬಿಟ್ಟದ ನೋಡ್ರಿ.”

ನಾನು ನಕಲು ಪ್ರತಿ ತೆಗೆದು ನೋಡುವ ನಾಟಕ ಮಾಡಿದೆ. ನೋಡದೆಯೇ ಗೊತ್ತಿತ್ತು. “ನೀವು ಹೇಳಿಲ್ಲ, ನಾ ಬರದಿಲ್ಲ,” ಎಂದೆ.

ನಿಮ್ಮ ತಂದೆ ಹೆಂಡತಿಯತ್ತ ತಿರುಗಿದರು. “ಮಗಳ ಹೆಸರ ಹೇಳಿಲ್ಲೇನ ನೀ?”

“ಸರ ಮನಿಯವ್ರ ಹೆಸರ ಅಂದ್ರು, ಅದಕ್ಕ ನಾ—”

ಇಲ್ಲಿ, ಅಂಬಿಕಾ ಅವರೆ. ಇಲ್ಲಿ ನಿಮ್ಮ ತಾಯಿ ನಿಜವನ್ನು ಹೇಳುತ್ತಿದ್ದರು. ಇನ್ನೊಂದು ವಾಕ್ಯ ಮುಗಿಸಲು ಬಿಟ್ಟಿದ್ದರೆ ನಿಮ್ಮ ತಂದೆಗೂ ಅರ್ಥವಾಗುತ್ತಿತ್ತು, ಕಚೇರಿಯಲ್ಲಿ ಕೂತಿದ್ದವರಿಗೂ ಅರ್ಥವಾಗುತ್ತಿತ್ತು. ನಾನು ಬಿಡಲಿಲ್ಲ. ದನಿ ಏರಿಸಿದೆ. “ಎಲ್ಲಾರಿಗೂ ಒಂದೇ ಮಾತು ಕೇಳೀನಿ. ನಿಮ್ಮೂರ ಹುಸೇನಸಾಬ ಏಳು ಮಂದಿ ಹೆಸರ ಬರಸ್ಯಾನ, ತನ್ನ ಕೂಸಿಂದು ಸೈತ. ನಿಮಗ ಒಂದ ಮಗಳ ಹೆಸರ ನೆನಪಾಗ್ಲಿಲ್ಲೇನು?”

ನನ್ನ ತಪ್ಪನ್ನು ನನಗೆ ತೋರಿಸಿಕೊಟ್ಟವರು ಹುಸೇನಸಾಬರು. ಅವರ ಹೆಸರನ್ನೇ ತಂದು ಆ ತಪ್ಪಿಗೆ ಮುಚ್ಚಳ ಹಾಕಿದೆ. ಹುಸೇನಸಾಬನಿಗೆ ತಿಳಿದದ್ದು ತನಗೇಕೆ ತಿಳಿಯಲಿಲ್ಲ ಎಂದು ನಿಮ್ಮ ತಾಯಿ ತಮ್ಮೊಳಗೇ ಹುಡುಕುತ್ತಿದ್ದುದು ನನಗೆ ಕಾಣುತ್ತಿತ್ತು. “ನನಗ ತಿಳೀಲಿಲ್ರಿ,” ಎಂದರು. ಕಚೇರಿಯ ಓದುಬರಹದವನ ಮಾತಿನ ಮುಂದೆ ತಮ್ಮ ನೆನಪನ್ನೇ ಬಿಟ್ಟುಕೊಟ್ಟರು.

ಇನ್ನೂ ಒಂದಿದೆ. ಇದನ್ನು ಹೇಳದಿದ್ದರೆ ಈ ಕಾಗದ ಬರೆದೂ ವ್ಯರ್ಥ. ನಿಯಮದ ಪುಸ್ತಕದ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು — ನೋಂದಣಿ ಮಾಡಿದ ನೌಕರನ ತಪ್ಪಿನಿಂದ ಹೆಸರು ಬಿಟ್ಟುಹೋಗಿದ್ದರೆ, ಅವನ ಲಿಖಿತ ಹೇಳಿಕೆಯ ಮೇಲೆ ಆ ವರ್ಷವೇ ಸೇರಿಸಬಹುದು. ನನಗೆ ಅದೂ ಬಾಯಿಪಾಠವಾಗಿತ್ತು. ‘ತಪ್ಪು ನನ್ನದು’ ಎಂದು ಬರೆದು ಸಹಿ ಹಾಕಿದ್ದರೆ ತಿಂಗಳೊಪ್ಪತ್ತಿನಲ್ಲಿ ನಿಮ್ಮ ಆಪರೇಷನ್ ಆಗುತ್ತಿತ್ತು. ಬರೆಯಲು ಕಾಗದ ಮುಂದೆಯೇ ಇತ್ತು. ನೀವು ಆಗ ನನ್ನ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು — ಕಾಗದ ಹಾರದಂತೆ ಇಡುವುದು — ಬೆರಳಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಿರಿ. ನಾನು ನಿಮ್ಮ ತಂದೆಗೆ, “ಮುಂದಿನ ವರ್ಷ ಬರಸ್ರಿ, ಈಗ ರೂಲ್ಸ್ ಇಲ್ಲ,” ಎಂದು ಹೇಳಿ ಕಳಿಸಿದೆ.

ನೀವು ಮೂವರೂ ಮೆಟ್ಟಿಲಿಳಿದು ಹೋಗುವಾಗ ನಿಮ್ಮ ತಂದೆ ಮುಂದೆ, ನೀವು ಅವರ ಕೈ ಹಿಡಿದು, ನಿಮ್ಮ ತಾಯಿ ಹಿಂದೆ. ಬರುವಾಗ ನೀವು ತಾಯಿಯ ಕೈ ಹಿಡಿದಿದ್ದಿರಿ. ನಾನು ಕಿಟಕಿಯಿಂದ ನೋಡಿದೆ, ಮತ್ತು ಮುಂದಿನ ಕಡತ ತೆಗೆದೆ.

ಮುಂದಿನ ವರ್ಷ ನೋಂದಣಿಗೆ ಮತ್ತೆ ನಾನೇ ಕಮಲಾಪುರಕ್ಕೆ ಹೋದೆ. ನಿಮ್ಮ ತಾಯಿ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದರು, ನಿಮ್ಮನ್ನೂ ಕರೆತಂದಿದ್ದರು. ನಾನು ಕೇಳುವ ಮೊದಲೇ, “ಅಂಬಿಕಾ ಬರೀರಿ,” ಎಂದರು. ಬರೆದೆ. “ಅಂಬಿಕಾ ಬರದ್ರ್ಯಾ?” ಎಂದರು. ಬರೆದೆನೆಂದೆ. ಹೆಬ್ಬೆಟ್ಟು ಒತ್ತಿ ಎರಡು ಹೆಜ್ಜೆ ಹೋದವರು ಮತ್ತೆ ಬಂದು, “ಎಲ್ಲದ ತೋರಸ್ರಿ ಅಂಬಿಕಾ,” ಎಂದರು. ಬೆರಳಿಟ್ಟು ತೋರಿಸಿದೆ. ಅವರು ಆ ಮೂರಕ್ಷರದ ಮೇಲೆ ತಮ್ಮ ಬೆರಳನ್ನೂ ಇಟ್ಟು ನೋಡಿದರು. ಸಾಲಿನಲ್ಲಿ ಯಾರೋ, “ಹೆಸರ ಮರ್ತಾಕಿ ಬಂದಾಳ, ತೋರಸ್ರಿ ಪಾಪ,” ಎಂದರು. ಅದು ಊರಲ್ಲಿ ಅವರ ಹೆಸರಾಗಿತ್ತು. ನಿಮ್ಮ ಅಜ್ಜಿ ಇಟ್ಟದ್ದಂತೆ. ಅಷ್ಟರಲ್ಲಿ ನಿಮ್ಮ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಬಲಗಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ.

ಆಪರೇಷನ್ ಆಯಿತು, ಜೀವಕ್ಕೆ ಇದ್ದ ಗಂಡಾಂತರ ಕಳೆಯಿತು. ಬಲಗಿವಿ ಮತ್ತೆ ಕೇಳಲಿಲ್ಲ. ಮುಖವೂ ಪೂರ್ತಿ ಸರಿಯಾಗಲಿಲ್ಲ. ವರ್ಷದ ಹಿಂದೆ ಆಗಿದ್ದರೆ ಎರಡೂ ಉಳಿಯುತ್ತಿದ್ದವು ಎಂದು ಡಾಕ್ಟರು ನಿಮ್ಮ ತಂದೆಗೆ ಹೇಳಿದರಂತೆ. ಆ ಮಾತು ನಿಮ್ಮ ಮನೆಯಲ್ಲಿ ಯಾರ ತಲೆಯ ಮೇಲೆ ಬಿದ್ದಿತು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಇಷ್ಟು ವರ್ಷ ಬಿಟ್ಟು ಈಗ ಯಾಕೆ ಎಂದು ನೀವು ಕೇಳಬೇಕು. ಕಳೆದ ತಿಂಗಳು ನಾನು ನನ್ನದೇ ಆರೋಗ್ಯ ಕಾರ್ಡು ಮಾಡಿಸಲು ಹೋಗಿದ್ದೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು: “ಅಜ್ಜಾರ, ಮನಿಯವ್ರ ಹೆಸರು?” ನಾನು “ಸುಧಾ” ಎಂದು ಹೆಂಡತಿಯ ಹೆಸರು ಹೇಳಿ ಸುಮ್ಮನಾದೆ. ನಮ್ಮ ಜೊತೆಯಲ್ಲೇ ಇರುವ, ನಡೆದಾಡಲು ಬಾರದ ತಂಗಿಯ ಹೆಸರು ನನ್ನ ಬಾಯಿಗೆ ಬರಲಿಲ್ಲ. ಮರೆತಿರಲಿಲ್ಲ — ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೆ. ಹುಡುಗಿ ಈಗ ತಲೆ ಎತ್ತಿದಳು. “ಒಬ್ರ ಅಲ್ರಿ ಅಜ್ಜಾರ. ಮನಿಯಾಗ ಯಾರ್ಯಾರ ಅದೀರಿ, ಎಲ್ಲಾರ್ದೂ ಹೇಳ್ರಿ.” ಅಷ್ಟೇ. ಅಷ್ಟು ಹೇಳಲು ಅವಳಿಗೆ ಒಂದು ಉಸಿರು ಸಾಕಾಯಿತು. ನಾನು ತಂಗಿಯ ಹೆಸರು ಹೇಳಿದೆ, ಅವಳು ಬರೆದುಕೊಂಡಳು.

ಮನೆಗೆ ಬಂದು ಸುಧಾಳಿಗೆ ಎಲ್ಲ ಹೇಳಿದೆ. “ನನ್ನ ಮುಂದ ಹೇಳಿ ಹಗುರಾಗಬ್ಯಾಡ್ರಿ. ಹೇಳೋದು ಅವ್ರ ಮುಂದ,” ಎಂದಳು.

ಹುಸೇನಸಾಬರನ್ನು ಫೋನಿನಲ್ಲಿ ಹುಡುಕಿದೆ. ಆ ದಿನ ಎಲ್ಲರೂ ನಕ್ಕದ್ದು ಮಾತ್ರ ಅವರಿಗೆ ನೆನಪಿದೆ. ನೀವು ಈಗ ಇಲ್ಲೇ ಕಲಬುರಗಿಯ ಗಾಜಿಪುರದಲ್ಲಿ ಗಂಡನ ಮನೆಯಲ್ಲಿದ್ದೀರಿ, ಬ್ಲೌಸು ಹೊಲಿಯುತ್ತೀರಿ, ಕೈ ಚೊಕ್ಕ ಎಂದರು. ತಾಯಿ ಮಗಳ ನಡುವೆ ಮಾತು ಅಷ್ಟಕ್ಕಷ್ಟೆ ಎಂದರು. ನೀವು ಹೊಲಿಗೆ ಕಲಿಯುವಾಗ ಒಮ್ಮೆ, ಅವರ ಮನೆಯ ಬಾಗಿಲಲ್ಲೇ, ತಾಯಿಗೆ “ಹೆತ್ತ ಮಗಳ ಹೆಸರ ಮರ್ತಾಕಿ ನೀ, ನನಗೇನ ಬುದ್ಧಿ ಹೇಳ್ತಿ,” ಎಂದಿದ್ದಿರಂತೆ. ನಿಮ್ಮ ತಾಯಿ ಬಂದ ದಾರಿಯಲ್ಲೇ ತಿರುಗಿ ಹೋದರಂತೆ. ಹುಸೇನಸಾಬರು ಇದನ್ನು ಸಹಜವಾಗಿ ಹೇಳಿದರು.

ನಿಮ್ಮನ್ನು ನೋಯಿಸಲು ಇದನ್ನು ಬರೆಯುತ್ತಿಲ್ಲ. ನೀವು ಆಡಿದ ಮಾತು ನಾನು ಹೇಳಿಕೊಟ್ಟದ್ದು. ನಿಮ್ಮ ತಂದೆ, ಅಜ್ಜಿ, ಓಣಿಯವರು ಆಡಿದ್ದೂ ನಾನು ಹೇಳಿಕೊಟ್ಟದ್ದೇ. ನಿಮ್ಮ ಕಿವಿಯನ್ನು ನಾನು ವಾಪಸು ತರಲಾರೆ. ಕ್ಷಮಿಸಿ ಎಂದು ಕೇಳುವುದೂ ಇಲ್ಲ. ಕೇಳಿದರೆ ಕೊಡುವ ಭಾರ ಮತ್ತೆ ನಿಮ್ಮ ಮೇಲೆ ಬೀಳುತ್ತದೆ. ಆದರೆ ನಿಮ್ಮ ತಾಯಿಯ ಮೇಲಿನ ಆ ಹೆಸರನ್ನು ಕಿತ್ತು ಹಾಕುವುದು ನನ್ನ ಕೈಲಿದೆ, ಅದನ್ನು ಮಾಡುತ್ತೇನೆ.

ಬರುವ ಸೋಮವಾರ ಮೊದಲ ಬಸ್ಸಿಗೆ ಕಮಲಾಪುರಕ್ಕೆ ಹೋಗುತ್ತೇನೆ. ಬೆಳಗಿನ ಹಾಲಿನ ಹೊತ್ತಿಗೆ, ಅದೇ ಕಟ್ಟೆಯ ಮುಂದೆ, ಎಲ್ಲರೂ ಕ್ಯಾನು ಹಿಡಿದು ನಿಂತಿರುವಾಗ ಹೇಳುತ್ತೇನೆ. ಆಮೇಲೆ ನಿಮ್ಮ ತವರುಮನೆಗೆ ಹೋಗಿ ನಿಮ್ಮ ತಂದೆಯ ಮುಂದೆ ಹೇಳುತ್ತೇನೆ. ಅಜ್ಜಿ ಇನ್ನೂ ಇದ್ದಾರಂತೆ, ಅವರ ಮುಂದೆಯೂ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಕಟ್ಟೆ ಇಳಿಸಿದರೆ ಕೆಳಗೆ ನಿಂತು ಹೇಳುತ್ತೇನೆ. ನೀವು ಬರಬೇಕೆಂದಿಲ್ಲ. ಬಂದರೆ ನಿಮ್ಮ ತಾಯಿಯ ಪಕ್ಕದಲ್ಲಿ ನಿಲ್ಲಿ.

ಅಂದು ಬರೆಯಬೇಕಾಗಿದ್ದ ಹೇಳಿಕೆಯನ್ನು ಇಂದು ಬರೆದಿದ್ದೇನೆ. ಇದರಿಂದ ಯಾವ ಕಾರ್ಡಿಗೂ ಯಾವ ಹೆಸರೂ ಸೇರುವುದಿಲ್ಲ ಎಂದು ಗೊತ್ತು. ಒಂದು ಪ್ರತಿ ನನ್ನ ಜೇಬಿನಲ್ಲಿರುತ್ತದೆ, ಓದಲು. ಇನ್ನೊಂದು ನಿಮಗೆ:

ಕಮಲಾಪುರದ ಹಾಲಿನ ಸಂಘದ ಸದಸ್ಯೆ ಕಾಶಿಬಾಯಿ ಅವರ ಅರ್ಜಿಯಲ್ಲಿ ಮಗಳ ಹೆಸರು ಬಿಟ್ಟುಹೋದದ್ದು ನೋಂದಣಿ ಮಾಡಿದ ನನ್ನ ತಪ್ಪಿನಿಂದ. ಮನೆಯವರ ಹೆಸರು ಹೇಳಿ ಎಂದಾಗ ಅವರು ಮೊದಲು ಹೇಳಿದ ಹೆಸರು ಅಂಬಿಕಾ. ನಾನು ಅದನ್ನು ಕೇಳಿಸಿಕೊಂಡೆ, ನಕ್ಕೆ, ಬರೆಯಲಿಲ್ಲ.